ನೆನೆಹಾಕಿದ ಚೀಟಿಗಳು

ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಪುಸ್ತಕಗಳ ಬೆನ್ನು ಕಟ್ಟಿದ ಒಬ್ಬ ಮನುಷ್ಯನಿದ್ದ. ಎಲ್ಲರೂ ಅವನನ್ನು ಅಂಟಣ್ಣ ಅನ್ನುತ್ತಿದ್ದರು. ಬೆರಳಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟು ಇರುತ್ತಿತ್ತು, ಅದಕ್ಕೆ. ಊಟಕ್ಕೆ ಕೂತಾಗ ಹೆಂಡತಿ, "ಕೈ ತೊಳೆದ್ರಾ?" ಎಂದರೆ, "ನಾನು ತೊಳೆದೆ. ಅದು ಬಿಡಬೇಕಲ್ಲ, ನಿನ್ನ ಥರಾನೇ," ಎನ್ನುತ್ತಿದ್ದ.

ಮಾತು ಕಡಿಮೆ. ಕೆಲಸದ ಮಾತಂತೂ ಮನೆಗೆ ತಂದವನೇ ಅಲ್ಲ.

"ಇವತ್ತು ಯಾರು ಬಂದಿದ್ರು?"

"ಜನ."

"ಏನು ಓದಿದ್ರು?"

"ಪುಸ್ತಕ."

"ನಿಮ್ಮನ್ನ ಕೇಳೋದಕ್ಕಿಂತ ಗೋಡೆ ಕೇಳೋದು ವಾಸಿ. ಅದಕ್ಕಾದ್ರೂ ಕಿವಿ ಇದೆ ಅಂತಾರೆ."

"ಕಿವಿ ಇದ್ದರೆ ಆಯ್ತಾ? ಬಾಯಿ ಇಲ್ಲವಲ್ಲ. ಅದಕ್ಕೇ ಗೋಡೆ ಒಳ್ಳೇದು," ಎಂದು ಅವನು ಇನ್ನೊಂದು ತುತ್ತು ಬಾಯಿಗಿಡುತ್ತಿದ್ದ. ಇದು ಇಪ್ಪತ್ತಾರು ವರ್ಷ ನಡೆದ ಮಾತುಕತೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಬೈಂಡಿಂಗ್ ಕೋಣೆಯ ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಕೈಯಲ್ಲಿ ಒಂದು ಭೂಗೋಳದ ಪುಸ್ತಕವಿತ್ತು, ಅರ್ಧ ಹೊಲಿದದ್ದು. ಸೂಜಿ ದಾರದಲ್ಲೇ ನೇತಾಡುತ್ತಿತ್ತು.

ಮೂರು ತಿಂಗಳ ಮೇಲೆ ಅವನ ಜಾಗದಲ್ಲಿ ಹೆಂಡತಿಗೆ ಕೆಲಸ ಕೊಟ್ಟರು. ಬೈಂಡರ್ ಕೆಲಸವಲ್ಲ, ಅಟೆಂಡರ್ ಕೆಲಸ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಮೇಜು ಒರೆಸುವುದು, ವಾಪಸು ಬಂದ ಪುಸ್ತಕ ಕಪಾಟಿಗೆ ಸೇರಿಸುವುದು. ಮೇಡಮ್ ಊಟಕ್ಕೆ ಹೋದಾಗ, ಅಂಟಣ್ಣ ಕೂರುತ್ತಿದ್ದ ಹಾಗೆ, ಒಂದು ಗಂಟೆ ಕೌಂಟರ್‌ನಲ್ಲಿ ಕೂರುವುದು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಬರುತ್ತದೆ, ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಆರಿಸಿ ಓದಬೇಕು. ಎರಡು ಸಾಲು ಓದುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತದೆ.

ಮೇಡಮ್ ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಕನ್ನಡಕ, ಬಿಗಿ ಮುಖ, ಮೆದು ಮಾತು. ಮೊದಲ ದಿನವೇ ಚೀಟಿಯ ವಿಷಯ ಹೇಳಿದರು. ಆ ಲೈಬ್ರರಿಯಲ್ಲಿ ಯಾರು ಪುಸ್ತಕ ತೆಗೆದುಕೊಂಡರೂ ಅಂಗೈಯಗಲದ ಒಂದು ಚೀಟಿ ಬರೆಯಬೇಕು. ಹೆಸರು, ವಿಳಾಸ, ಪುಸ್ತಕ, ತಾರೀಖು. ಬೀಗದ ಕಪಾಟಿನ ಪುಸ್ತಕವನ್ನು ಅಲ್ಲೇ ಕೂತು ಓದಿದರೂ ಬರೆಯಬೇಕು. ಪುಸ್ತಕ ವಾಪಸು ಬಂದರೆ ಚೀಟಿಯ ಕೆಲಸ ಮುಗಿಯಿತು. ಸಂಜೆ ಅಷ್ಟೂ ಚೀಟಿ ಬೈಂಡಿಂಗ್ ಕೋಣೆಯ ಬಕೆಟ್ಟಿಗೆ.

"ಒಂದೂ ಉಳೀಬಾರದು," ಎಂದರು ಮೇಡಮ್.

ಬಕೆಟ್ಟಿನ ವಿಷಯ ಅವಳಿಗೆ ಗೊತ್ತಿತ್ತು. ಒಮ್ಮೆ ಗಂಡನಿಗೆ ಊಟ ಕೊಡಲು ಬಂದಾಗ ನೋಡಿದ್ದಳು. ಅವನು ಚೀಟಿಗಳನ್ನು ನೀರಲ್ಲಿ ನೆನೆಹಾಕಿ, ಮರುದಿನ ಹಿಂಡಿ, ರುಬ್ಬಿದ ಹಾಗೆ ಮಾಡಿ, ಅಂಟು ಬೆರೆಸಿ, ಸವೆದ ರಟ್ಟಿನ ಮೂಲೆಗಳಿಗೆ ತುಂಬುತ್ತಿದ್ದ. ಒಣಗಿದರೆ ಕಲ್ಲು. "ಎಂಥ ಜಿಪುಣರಪ್ಪ ನಿಮ್ಮ ಲೈಬ್ರರಿಯವರು, ಚೀಟೀನೂ ಬಿಡಲ್ಲ," ಎಂದಿದ್ದಳು ಅವಳು. ಅವನು ನಕ್ಕಿದ್ದ, ಅಷ್ಟೇ.

ಮೊದಲ ವಾರ ಹೇಳಿದ ಹಾಗೆ ಮಾಡಿದಳು. ಎರಡನೇ ವಾರ ಯಾರೋ ಒಬ್ಬರು ಬಹಳ ದಿನ ಇಟ್ಟುಕೊಂಡ ಪುಸ್ತಕ ತಂದರು. ಕೌಂಟರಿನ ಚೀಟಿ ಡಬ್ಬದಿಂದ ಅದರ ಚೀಟಿ ತೆಗೆದಳು. ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ, ಕೊಕ್ಕೆ ಹಾಕಿದಂಥ ಬಾಲ. ಗಂಡನ ಕೈ.

ಅವಳು ಅದನ್ನು ಹಿಡಿದುಕೊಂಡು ನಿಂತಳು. ಅವರಿಬ್ಬರೂ ಒಂದು ದಿನವೂ ಬೇರೆ ಬೇರೆ ಊರಲ್ಲಿ ಇದ್ದವರಲ್ಲ. ಹಾಗಾಗಿ ಕಾಗದ ಬರೆದುಕೊಂಡವರೂ ಅಲ್ಲ. ಮನೆಯಲ್ಲಿ ಅವನದೊಂದು ಫೋಟೋ ಇದೆ, ಎರಡು ಅಂಗಿ ಇವೆ. ಅಕ್ಷರ ಎಲ್ಲೂ ಇಲ್ಲ. ಅಕ್ಷರ ಎಲ್ಲ ಇಲ್ಲಿತ್ತು.

ಚೀಟಿ ಬಕೆಟ್ಟಿಗೆ ಹೋಗಲಿಲ್ಲ. ಊಟದ ಚೀಲಕ್ಕೆ ಹೋಯಿತು.

ಆಮೇಲೆ ಅವಳು ಹುಡುಕಿದಳು. ವಾಪಸು ಬರುತ್ತಿದ್ದ ಪುಸ್ತಕಗಳಲ್ಲಿ ಅವನ ಕೈಯವು ದಿನಕ್ಕೆ ಒಂದೋ ಎರಡೋ ಸಿಗುತ್ತಿದ್ದವು. ಬೈಂಡಿಂಗ್ ಕೋಣೆಯ ಮೇಜಿನ ಡ್ರಾಯರಿನಲ್ಲಿ ಒಂದು ಕಟ್ಟೇ ಸಿಕ್ಕಿತು. ಕೊನೆಯ ಮೂರು ತಿಂಗಳು ಅವನಿಗೆ ಸುಸ್ತು. ನೆನೆಹಾಕಲು ಆಗದೆ ಅಲ್ಲೇ ಇಟ್ಟಿದ್ದ. ಅದೂ ಚೀಲಕ್ಕೆ ಹೋಯಿತು. ಮನೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ ತುಂಬಿತು.

ತಪ್ಪು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ನಿಲ್ಲಲಿಲ್ಲ.

ಗೋಡೆಗೆ ಗೋಡೆ ಹೊಂದಿಕೊಂಡ ಮನೆ ಮೈದುನನದು. ಮುಂದುಗಡೆ ಅವನ ಇಸ್ತ್ರಿ ಅಂಗಡಿ. ಅವನ ಹೆಂಡತಿ, ಅಂದರೆ ಇವಳ ಓರಗಿತ್ತಿ, ಹತ್ತನೇ ಕ್ಲಾಸು ಪಾಸು. ಪೇಪರನ್ನು ನೀರು ಕುಡಿದ ಹಾಗೆ ಓದುತ್ತಾಳೆ. ಗಟ್ಟಿ ನಗು, ಒಳ್ಳೆಯ ಮನಸ್ಸು, ನಾಲಿಗೆಗೆ ಎಲುಬಿಲ್ಲ. ಅಂಟಣ್ಣ ಹೋದ ಮೇಲೆ ದಿನಾ ಸಂಜೆ ಬಂದು ಅಕ್ಕನ ಜೊತೆ ಒಂದು ಗಳಿಗೆ ಕೂತು ಹೋಗುವುದು ಅವಳ ರೂಢಿ.

ಒಂದು ಸಂಜೆ ಡಬ್ಬಿ ನೋಡಿದಳು. "ಇದೇನಕ್ಕ?"

"ನಿಮ್ಮ ಭಾವ ಬರೆದಿದ್ದು."

"ಏನಂತ?"

"ನೀನೇ ಓದು ನೋಡೋಣ."

ಓರಗಿತ್ತಿ ಒಂದು ಚೀಟಿ ತೆಗೆದಳು. ಹೆಸರು ಓದಿದಳು. ಪುಸ್ತಕ ಓದಿದಳು. ಓದುವಾಗ ಇವಳು ಕಣ್ಣು ಮುಚ್ಚಿದಳು. ಯಾರ ಹೆಸರು, ಯಾವ ಪುಸ್ತಕ ಎಂಬುದು ಅವಳಿಗೆ ಬೇಕಿರಲಿಲ್ಲ. ಅವನು ಬರೆದದ್ದು ಬಾಯಲ್ಲಿ ಕೇಳಿದರೆ, ಅವನೇ ಮಾತಾಡಿದ ಹಾಗಿತ್ತು. ಬದುಕಿದ್ದಾಗ ಆಡದ ಮಾತನ್ನು ಈಗ ಆಡುತ್ತಿದ್ದಾನೆ ಅನ್ನಿಸುತ್ತಿತ್ತು.

ಹೀಗೆ ದಿನಾ ಹತ್ತು ಹನ್ನೆರಡು ಚೀಟಿ.

"ಅಕ್ಕ, ಕೇಳಿಲ್ಲಿ. ನಮ್ಮ ಡ್ರಿಲ್ ಮೇಷ್ಟ್ರು, ಸ್ಕೂಲಲ್ಲಿ ಸೀಟಿ ಊದಿ ಊದಿ ಮಕ್ಕಳ ಪ್ರಾಣ ತೆಗೀತಿದ್ರಲ್ಲ. 'ಉಣ್ಣೆ ಹೆಣಿಗೆ, ಮೊದಲ ಪಾಠಗಳು' ಓದಿದಾರೆ."

"ಸುಮ್ನಿರೇ."

"ನಿನ್ನಾಣೆ. ಎರಡು ಸಲ ತಗೊಂಡಿದಾರೆ. ಮೊದಲ ಪಾಠದಲ್ಲೇ ಫೇಲಾಗಿರ್ಬೇಕು."

ಇನ್ನೊಂದು ದಿನ ಮನೆ ಮಾಲೀಕನ ಚೀಟಿ ಬಂತು. 'ಸಿಟ್ಟನ್ನು ಗೆಲ್ಲುವ ದಾರಿ.' ಓರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅರ್ಧಕ್ಕೇ ಸಿಟ್ಟು ಬಂದು ವಾಪಸ್ ಕೊಟ್ಟಿದಾನೆ, ಅದಕ್ಕೇ ಮೊನ್ನೆ ನಲ್ಲಿ ರಿಪೇರಿಗೆ ಹಾಗೆ ಕೂಗಾಡಿದ್ದು." ಇವಳೂ ನಕ್ಕಳು. ಗಂಡ ಹೋದ ಮೇಲೆ ಮೊದಲ ಸಲ ನಕ್ಕದ್ದು. ನಕ್ಕು ಮುಗಿದ ಮೇಲೆ ಅಳು ಬಂತು. ಅಳು ಬಂದದ್ದೂ ಹಿತವಾಗಿತ್ತು.

ಆಮೇಲೆ ಒಂದು ಚೀಟಿ ಓದಿ ಓರಗಿತ್ತಿ ಹುಬ್ಬು ಏರಿಸಿದಳು. "ಟೈಲರಮ್ಮ."

ಟೈಲರಮ್ಮ ಎಂದರೆ ಮೂರು ಬೀದಿ ಆಚೆ ಮಕ್ಕಳ ಯೂನಿಫಾರಂ ಹೊಲಿಯುವ ಹೆಂಗಸು. ಸಣ್ಣ ಆಳು, ಕತ್ತಿಗೆ ಯಾವಾಗಲೂ ಟೇಪು. ಗಂಡ ನೀರಿನ ಟ್ಯಾಂಕರ್ ಓಡಿಸುತ್ತಾನೆ.

"ಏನು ಓದಿದಾಳೆ?"

"'ಮದುವೆ, ವಿಚ್ಛೇದನ, ಜೀವನಾಂಶ: ಹೆಂಗಸರಿಗೆ ಕಾನೂನು.' ಬೀಗದ ಕಪಾಟಿಂದು. ಅಲ್ಲೇ ಕೂತು ಓದಿದಾಳೆ. ಒಂದಲ್ಲ, ನಾಲ್ಕು ತಾರೀಖು ಇವೆ." ಓರಗಿತ್ತಿ ಚೀಟಿ ಡಬ್ಬಿಗೆ ಹಾಕಿದಳು. "ಲಾಯರ್ ಆಗ್ತಾಳೋ ಏನೋ. ಇನ್ನು ಮೇಲೆ ರವಿಕೆ ಬಿಗಿಯಾಯ್ತು ಅಂದ್ರೆ ನಮ್ಮ ಮೇಲೇ ಕೇಸ್ ಹಾಕ್ತಾಳೆ."

ಇವಳು ಅದಕ್ಕೂ ನಕ್ಕಳು. ಅದನ್ನು ಮುಂದೆ ಅವಳು ಮರೆಯಲಿಲ್ಲ.

ಹತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಓದುವ ಕೋಣೆಯ ಮೇಜು ಒರೆಸುತ್ತಿದ್ದಳು. ಟೈಲರಮ್ಮ ಬಂದಳು. ಎಡಗೈಗೆ ಮೊಣಕೈತನಕ ಬ್ಯಾಂಡೇಜು. ಎರಡು ಬೆರಳು ಮಾತ್ರ ಹೊರಗೆ, ಅವೂ ಊದಿಕೊಂಡಿದ್ದವು. ಕತ್ತಲ್ಲಿ ಟೇಪು ಇರಲಿಲ್ಲ. ನೇರ ಕೌಂಟರ್‌ಗೆ ಹೋದಳು.

"ಮೇಡಮ್, ನಾನು ಇಲ್ಲಿ ಏನು ಓದ್ದೆ ಅಂತ ಯಾರಿಗೆ ಹೇಳಿದ್ರಿ?"

"ಯಾರಿಗೂ ಹೇಳಲ್ಲಮ್ಮ. ನಮ್ಮಲ್ಲಿ ಆ ಪದ್ಧತಿನೇ ಇಲ್ಲ."

"ಪುಸ್ತಕದ ಹೆಸರು ಸಮೇತ ಕೇಳಿದ ನನ್ನ ಗಂಡ. ಪುಸ್ತಕ ಮನೆಗೆ ತಗೊಂಡು ಹೋಗಿಲ್ಲ. ಓದೋವಾಗ ಪಕ್ಕದಲ್ಲಿ ಯಾರೂ ಕೂತಿರ್ಲಿಲ್ಲ. ಚೀಟೀಲಿ ಮಾತ್ರ ಇತ್ತು ಅದು. ಅಂಟಣ್ಣ ಬರೆದ್ರು. ನೀರಿಗೆ ಹಾಕಿಬಿಡ್ತೀನಿ ಕಣಮ್ಮ, ಹೆದರ್ಬೇಡ ಅಂದಿದ್ರು." ಅವಳ ದನಿ ಏರಲೇ ಇಲ್ಲ. "ಅವರು ಸುಳ್ಳು ಹೇಳೋರಲ್ಲ."

ಮೇಡಮ್ ಮುಖ ಸಣ್ಣದಾಯಿತು. "ಹೇಗಾಯ್ತೋ ಗೊತ್ತಾಗ್ತಿಲ್ಲ," ಎಂದರು.

ಮೇಜು ಒರೆಸುತ್ತಿದ್ದವಳ ಕೈ ನಿಂತಿತು. ಅವಳು ಅಲ್ಲೇ ಹೇಳಬಹುದಿತ್ತು. ಒರೆಸಿದ ಮೇಜನ್ನೇ ಇನ್ನೊಮ್ಮೆ ಒರೆಸಿದಳು. ಟೈಲರಮ್ಮ ಹೋದಳು.

ಸಂಜೆ ಮನೆಗೆ ಬಂದವಳೇ ಇಸ್ತ್ರಿ ಅಂಗಡಿಗೆ ಹೋದಳು. ಓರಗಿತ್ತಿ ಅಂಗಿ ಮಡಿಸುತ್ತಿದ್ದಳು.

"ಟೈಲರಮ್ಮನ ವಿಷಯ ಯಾರ ಹತ್ರ ಆಡಿದೆ?"

"ಯಾರ ಹತ್ರ ಆಡ್ಲಿ? ಯಾಕೆ?"

"ಹೇಳು."

ಓರಗಿತ್ತಿ ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಅವಳ ಗಂಡ ಬಟ್ಟೆ ಕೊಡೋಕೆ ಬಂದಿದ್ದ. ತಮಾಷೆಗೆ ಅಂದೆ ಅಕ್ಕ. 'ಏನಪ್ಪ, ನಿನ್ನ ಹೆಂಡ್ತಿ ಲಾಯರ್ ಓದ್ತಿದಾಳಂತೆ, ಹುಷಾರಾಗಿರು' ಅಂದೆ. ಅವನೂ ನಕ್ಕ. ಏನು ಪುಸ್ತಕ ಅಂದ. ಹೇಳಿದೆ."

"ಅವಳ ಕೈ ಮುರಿದಿದೆ."

ಓರಗಿತ್ತಿ ಬಿಳಿಚಿಕೊಂಡಳು. ಆಮೇಲೆ ಸಿಟ್ಟು ಬಂತು ಅವಳಿಗೆ. ತಪ್ಪು ಮಾಡಿದವರಿಗೆ ಮೊದಲು ಬರುವುದು ಅದೇ. "ನನ್ನ ಯಾಕೆ ಹಾಗೆ ನೋಡ್ತೀಯ? ನಾನೇನು ನಿನ್ನ ಡಬ್ಬಿ ಕದ್ದು ಓದಿದ್ನಾ? ಓದು ಅಂದವಳು ನೀನು. ಕಣ್ಣು ಮುಚ್ಕೊಂಡು ಕೇಳಿದವಳು ನೀನು."

ಇವಳು ಒಂದೇ ಮಾತು ಕೇಳಿದಳು. "ಚೀಟೀಲಿ ವಿಳಾಸ ಇರುತ್ತೆ. ಅದು ಓದಿದ್ಯಾ?"

"ಇಲ್ಲ. ಹೆಸರು, ಪುಸ್ತಕ, ಅಷ್ಟೇ ಓದ್ತಿದ್ದೆ."

"ಸರಿ. ಇನ್ನು ಓದೋದು ಬೇಡ."

ಮನೆಗೆ ಬಂದು ಬಾಗಿಲು ಹಾಕಿ ಡಬ್ಬಿ ತೆಗೆದಳು. ಟೈಲರಮ್ಮನ ಚೀಟಿ ಸಿಗುವಷ್ಟರಲ್ಲಿ ಅನ್ನ ಸೀದಿತ್ತು. ವಿಳಾಸದ ಸಾಲನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಅದು ಟ್ಯಾಂಕರಿನವನ ಮನೆಯಲ್ಲ. ಹತ್ತಿ ಗಿರಣಿಯ ಹಿಂದಿನ ಸಾಲು, ಒಬ್ಬ ನರ್ಸಿನ ಮನೆ. ಲೈಬ್ರರಿಯಿಂದ ಏನಾದರೂ ಕಾಗದ ಬಂದರೆ ಗಂಡನ ಕೈಗೆ ಸಿಗಬಾರದೆಂದು ಟೈಲರಮ್ಮ ಗೆಳತಿಯ ವಿಳಾಸ ಕೊಟ್ಟಿದ್ದಳು. ಅಂಟಣ್ಣ ಏನೂ ಕೇಳದೆ ಬರೆದುಕೊಂಡಿದ್ದ.

ಆ ವಾರವೇ ಟೈಲರಮ್ಮ ಗಂಡನ ಮನೆ ಬಿಟ್ಟಳು. ಹೊಲಿಗೆ ಮಷೀನು ಅಲ್ಲೇ ಇತ್ತು, ಅವಳು ಇರಲಿಲ್ಲ. ಎಲ್ಲಿ ಹೋದಳು ಅಂತ ಬೀದಿಯೆಲ್ಲ ಮಾತು. ತವರಿಗೆ ಅಂದರು, ದೂರದ ಊರಿಗೆ ಅಂದರು. ಎಲ್ಲಿ ಹೋಗಿರಬಹುದು ಅಂತ ಇವಳಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಮೈದುನ ಟ್ಯಾಂಕರಿನವನನ್ನು ಕರೆದುಕೊಂಡು ಬಂದ. ಅವನು ಕುಡಿದಿರಲಿಲ್ಲ, ಕೂಗಾಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತ. ಒಗೆದ ಅಂಗಿ, ನೀಟಾಗಿ ಬಾಚಿದ ತಲೆ. ಹಾಗೆ ಇದ್ದದ್ದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

"ಅಕ್ಕ, ನಿಮಗೆ ತೊಂದ್ರೆ ಕೊಡೋಕೆ ಬಂದಿಲ್ಲ. ಅಂಟಣ್ಣ ದೇವರಂಥ ಮನುಷ್ಯ. ಅವರ ಕೈಬರಹದ ಚೀಟಿ ನಿಮ್ಮ ಹತ್ರ ಇವೆಯಂತೆ."

ಅವಳು ಮೈದುನನ ಕಡೆ ನೋಡಿದಳು. ಅವನು ಚಾವಣಿ ನೋಡಿದ.

"ನನ್ನ ಹೆಂಡ್ತೀದು ಒಂದಿದೆ. ಅದೊಂದು ನೋಡಿ ವಾಪಸ್ ಕೊಟ್ಟುಬಿಡ್ತೀನಿ. ಯಾವತ್ತು ಬಂದಿದ್ಲು, ಎಲ್ಲಿಂದ ಬಂದೆ ಅಂತ ಬರೆಸಿದ್ಲು, ಅಷ್ಟು ತಿಳಿದ್ರೆ ಸಾಕು. ಗಾಬರಿಯಾಗಿದೆ ನನಗೆ. ಹೆಂಗಸು ಒಬ್ಬಳೇ."

ಮೈದುನ ಬಾಯಿ ಹಾಕಿದ. "ಕೊಟ್ಟುಬಿಡಿ ಅತ್ತಿಗೆ. ಒಂದು ಚೂರು ಕಾಗದ, ನಿಮ್ಮದೇನು ಹೋಗುತ್ತೆ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ಕೈ ಮುರಿದ ಮೇಲೆ ಉಣ್ಣೋದು ಹೇಗಪ್ಪ?" ಎಂದಳು ಅವಳು.

ಟ್ಯಾಂಕರಿನವನು ತನ್ನ ಉಗುರು ನೋಡಿಕೊಂಡ. ಬಿಸ್ಕತ್ತಿನ ಡಬ್ಬಿ ಅವನ ಹಿಂದೆಯೇ, ಗೂಡಿನಲ್ಲಿ, ಅವಳ ಕಣ್ಣೆದುರಿಗೇ ಇತ್ತು. ಅವನು ತಿರುಗಿದರೆ ಕಾಣುತ್ತಿತ್ತು.

"ಚೀಟಿ ಇಲ್ಲಿಲ್ಲ," ಎಂದಳು. "ಲೈಬ್ರರೀದು ಲೈಬ್ರರೀಲೇ ಇದೆ."

"ಹಾಗಾದ್ರೆ ನಾಳೆ ಬರ್ತೀನಿ ಅಲ್ಲಿಗೇ. ತೆಗೆಯೋದು ಹತ್ತಕ್ಕೆ ಅಲ್ವಾ?" ಅವನು ಎದ್ದು ಕೈ ಮುಗಿದ. ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಆಡಿದ. "ಸರ್ಕಾರಿ ಕಾಗದ ಮನೆಗೆ ತರೋದು ತಪ್ಪಂತೆ ಅಕ್ಕ. ಗೊತ್ತಾದ್ರೆ ಕೆಲಸಕ್ಕೆ ತೊಂದ್ರೆ. ನಾನಂತೂ ಯಾರಿಗೂ ಹೇಳಲ್ಲ."

ಅವರು ಹೋದ ಮೇಲೆ ಒಲೆಯ ಮುಂದೆ ಡಬ್ಬಿ ಇಟ್ಟುಕೊಂಡು ಕೂತಳು. ಒಂದು ಕಡ್ಡಿ ಗೀರಿದರೆ ಮುಗಿಯುತ್ತಿತ್ತು. ಗಂಡನನ್ನು ಒಮ್ಮೆ ಚಿತೆಗೆ ಕಳಿಸಿಕೊಟ್ಟಾಗಿದೆ. ಅವನ ಅಕ್ಷರಕ್ಕೂ ಬೆಂಕಿ ಇಡುವ ಕೈ ಅವಳಿಗೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ. ಅವಳಿಗೆ ಬುದ್ಧಿಯೂ ಪೂರ್ತಿ ಬಂದಿರಲಿಲ್ಲ. ಒಲೆಯನ್ನೂ ಹಚ್ಚಲಿಲ್ಲ.

ಸೋಮವಾರ ಎಂಟೂವರೆಗೇ ಹೋಗಿ ಲೈಬ್ರರಿಯ ಬೀಗ ತೆಗೆದಳು. ಡಬ್ಬಿಯನ್ನು ಮೇಡಮ್ ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತಳು. ಒಂಬತ್ತಕ್ಕೆ ಮೇಡಮ್ ಬಂದರು.

"ಏನಿದು? ಯಾರದ್ದಾದ್ರೂ ಹುಟ್ಟಿದ ಹಬ್ಬವಾ?"

"ಚೀಟಿ, ಮೇಡಮ್. ಅವರು ಬರೆದವು. ನಾನು ನೀರಿಗೆ ಹಾಕಲಿಲ್ಲ. ಮನೆಗೆ ತಗೊಂಡು ಹೋದೆ. ಓದಿಸಿ ಕೇಳಿದೆ. ಟೈಲರಮ್ಮನ ಕೈ ಮುರಿದದ್ದು ನನ್ನಿಂದ."

ಮೇಡಮ್ ಕೂರಲಿಲ್ಲ. ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. ಬಯ್ಯುತ್ತಾರೆ ಅಂದುಕೊಂಡಿದ್ದಳು. ಬಯ್ದಿದ್ದರೆ ಚೆನ್ನಾಗಿತ್ತು.

"ನಾನು ಕೆಲಸಕ್ಕೆ ಸೇರಿದ ದಿನ," ಎಂದರು ಮೇಡಮ್, "ನಿಮ್ಮ ಯಜಮಾನರು ನನಗೆ ಹೇಳಿದ್ರು. 'ಯಾರು ಏನು ಓದಿದ್ರು ಅನ್ನೋದು ಮೇಡಮ್, ಬೆಳಿಗ್ಗೆ ತಿಳಿದ್ರೂ ಸಂಜೆಗೆ ಮರೆತಿರಬೇಕು. ನಾವು ಮರೆತರೂ ಕಾಗದ ಮರೆಯಲ್ಲ, ಅದಕ್ಕೆ ನೀರು.' ಓದಿ ಬಂದ ನನಗೆ ಅವರು ಕಲಿಸಿದ ಕೆಲಸ ಇದು. ನಿಮಗೆ ಹೇಳಿರಲಿಲ್ವಾ?"

"ನನ್ನ ಹತ್ರ ಅವರು ಏನೂ ಹೇಳ್ತಿರಲಿಲ್ಲ."

ಟ್ಯಾಂಕರಿನವನು ಹತ್ತಕ್ಕೆ ಬರುತ್ತಾನೆ ಎಂಬುದನ್ನೂ, ಚೀಟಿಯಲ್ಲಿ ಯಾವ ವಿಳಾಸ ಇದೆ ಎಂಬುದನ್ನೂ ಹೇಳಲು ಹೊರಟಳು. ಮೇಡಮ್ ಕೈ ಅಡ್ಡ ಹಿಡಿದರು. "ವಿಳಾಸ ನನಗೆ ಹೇಳಬೇಡಿ. ನಡೀರಿ."

ಬೈಂಡಿಂಗ್ ಕೋಣೆಯಲ್ಲಿ ಬಕೆಟ್ಟಿಗೆ ನೀರು ತುಂಬಿದರು. ಮೊದಲು ಟೈಲರಮ್ಮನ ಚೀಟಿ. ಅವಳೇ ತೆಗೆದು ಹಾಕಿದಳು. ಅದು ತೇಲಿತು. ಬೆರಳಿಂದ ಒತ್ತಿ ಮುಳುಗಿಸಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಅಕ್ಷರಗಳ ಅಂಚು ಬಿಟ್ಟಿತು. ಬಾಲಗಳು ಸಡಿಲಾದವು. ಕಾಗದದಿಂದ ನೀಲಿ ಹೊಗೆ ಎದ್ದ ಹಾಗೆ ಶಾಯಿ ಮೇಲೆ ಬಂತು. ನೋಡು ನೋಡುತ್ತ ಹೆಸರು ಹೋಯಿತು, ಮನೆ ಹೋಯಿತು. ಉಳಿದದ್ದು ಬರೀ ಒದ್ದೆ ಕಾಗದ.

"ನಾನೊಂದು ಸಲ ಬಾಲ್ ಪೆನ್ನಿನ ಪೆಟ್ಟಿಗೆ ತರಿಸಿದ್ದೆ," ಎಂದರು ಮೇಡಮ್. "ಅದನ್ನ ನಿಮ್ಮ ಯಜಮಾನರು ಬೀರುವಿನ ಮೇಲೆ ಎತ್ತಿಟ್ರು. ಚೀಟಿಗೆ ಇಂಕ್ ಪೆನ್ನೇ ಆಗಬೇಕು ಅಂತ. ಬಾಲ್ ಪೆನ್ನಿಂದು ನೀರಲ್ಲಿ ಹೋಗಲ್ಲ ಅಂತ."

ಅವಳು ಬಕೆಟ್ಟಿನ ಪಕ್ಕ ನೆಲಕ್ಕೆ ಕೂತಳು. ಇಪ್ಪತ್ತಾರು ವರ್ಷ ಅವನ ಅಂಗಿ ಜೇಬಿನ ನೀಲಿ ಕಲೆ ಉಜ್ಜಿ ಉಜ್ಜಿ ತೊಳೆದಿದ್ದಳು. ಎಲ್ಲರೂ ಬಿಟ್ಟರೂ ಈ ಮನುಷ್ಯ ಯಾಕೆ ಶಾಯಿ ಪೆನ್ನು ಬಿಡುವುದಿಲ್ಲ ಎಂದು ಬೈದಿದ್ದಳು. ಅಕ್ಷರ ಚೆಂದ ಬರಲಿ ಅಂತ ಇರಬೇಕು, ಒಣ ಜಂಬ ಅಂದುಕೊಂಡಿದ್ದಳು.

ಮೇಡಮ್ ಮುಂಬಾಗಿಲಿಗೆ ಹೋದರು. ಅವಳು ಹಿಡಿ ಹಿಡಿಯಾಗಿ ಚೀಟಿ ಹಾಕಿದಳು. ನೋಡದೆ ಹಾಕಿದಳು. ನೋಡಿದರೆ ಆಗುವುದಿಲ್ಲ ಅಂತ ಗೊತ್ತಿತ್ತು. ಡಬ್ಬಿಯ ತಳಕ್ಕೆ ಒಂದು ಅಂಟಿಕೊಂಡಿತ್ತು. ಉಗುರಿಂದ ಬಿಡಿಸಿದಳು. ಹೆಸರು ಕಣ್ಣಿಗೆ ಬಿತ್ತು.

ಅದನ್ನು ಕೂಡಿಸಿ ಓದಬೇಕಾಗಿರಲಿಲ್ಲ. ಅವಳಿಗೆ ಒಂದೇ ಏಟಿಗೆ ಓದಲು ಬರುವ ಹೆಸರು ಅದೊಂದೇ. ಅವನ ಹೆಸರು, ಅವನದೇ ಕೈಯಲ್ಲಿ. ಪುಸ್ತಕದ ಹೆಸರು ಕಷ್ಟವಾಯಿತು. ವಟ್ರಸುಳಿ, ಆಮೇಲೆ ಒತ್ತಕ್ಷರ. ತುಟಿ ಅಲ್ಲಾಡಿಸುತ್ತ ಓದಿದಳು. 'ಹೃದಯಾಘಾತದ ಮುನ್ಸೂಚನೆಗಳು.' ತಾರೀಖು ಅವನು ಹೋಗುವ ಹನ್ನೊಂದು ವಾರ ಮೊದಲಿನದು.

ಹನ್ನೊಂದು ವಾರ. ರಾತ್ರಿ ಎದೆ ಹಿಡಿದುಕೊಂಡು ಕೂರುತ್ತಿದ್ದ. ಏನ್ರೀ ಎಂದರೆ, "ಹುಳಿ ತೇಗು, ಮಲಗು," ಎನ್ನುತ್ತಿದ್ದ.

ಗೊತ್ತಿತ್ತು ಅವನಿಗೆ. ತನ್ನಷ್ಟಕ್ಕೆ ತಾನೇ ಚೀಟಿ ಬರೆದು, ಈ ಕೋಣೆಯಲ್ಲೇ ಕೂತು ಓದಿ, ಪುಸ್ತಕ ಕಪಾಟಿಗೆ ಸೇರಿಸಿ, ಮನೆಗೆ ಬಂದು ಉಂಡಿದ್ದ. ಏನು ಓದಿದ್ರಿ ಎಂದು ಅವಳೂ ಕೇಳಿರಲಿಲ್ಲ. ಕೇಳಿದ್ದರೆ ಪುಸ್ತಕ ಅನ್ನುತ್ತಿದ್ದ.

ಡಬ್ಬಿಯ ತಳದವರೆಗೆ ಓರಗಿತ್ತಿ ಬಂದಿದ್ದರೆ ಇದನ್ನೂ ಓದುತ್ತಿದ್ದಳು. ಇಸ್ತ್ರಿ ಅಂಗಡಿಯಲ್ಲಿ ಬಟ್ಟೆಯ ಜೊತೆ ಇದೂ ಮಡಿಕೆಯಾಗಿ ಮನೆಮನೆಗೆ ಹೋಗುತ್ತಿತ್ತು. ಪಾಪ, ಗೊತ್ತಿದ್ದೂ ಡಾಕ್ಟರ ಹತ್ತಿರ ಹೋಗಲಿಲ್ಲವಂತೆ. ಹೆಂಡತಿಗೆ ಗೊತ್ತಿರಲಿಲ್ಲವಂತೆ, ಅದು ಹೇಗೆ ಗೊತ್ತಿರುವುದಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು?

ಮುಂದಿನ ಕೋಣೆಯಲ್ಲಿ ದನಿ ಕೇಳಿತು. ಟ್ಯಾಂಕರಿನವನು ಬಂದಿದ್ದ. ಮೇಡಮ್ ಮೆದುವಾಗಿಯೇ ಹೇಳುತ್ತಿದ್ದರು. "ಯಾರ ಚೀಟೀನೂ ಯಾರಿಗೂ ತೋರಿಸೋದಿಲ್ಲ. ಗಂಡ ಆದ್ರೂ ಅಷ್ಟೇ, ಅಪ್ಪ ಆದ್ರೂ ಅಷ್ಟೇ. ಕೋರ್ಟಿಂದ ಬರೆಸಿಕೊಂಡು ಬನ್ನಿ. ಬಂದ್ರೂ ಕೊಡೋಕೆ ಏನೂ ಇಲ್ಲ."

"ಅಟೆಂಡರಮ್ಮ ಇದೆ ಅಂದ್ರಲ್ಲ."

ಹೆಜ್ಜೆ ಹತ್ತಿರವಾಯಿತು. ಅವನು ಬೈಂಡಿಂಗ್ ಕೋಣೆಯ ಬಾಗಿಲಿಗೆ ಬಂದೇಬಿಟ್ಟ. ಹಿಂದೆ ಮೇಡಮ್, "ಒಳಗೆ ಹೋಗಬಾರದು," ಎನ್ನುತ್ತ. ಅವನು ಬಕೆಟ್ಟು ನೋಡಿದ. ಖಾಲಿ ಡಬ್ಬಿ ನೋಡಿದ. ನೆಲದ ಮೇಲೆ ಕೂತವಳ ಮುಚ್ಚಿದ ಮುಷ್ಟಿ ನೋಡಿದ. ಬೆರಳ ಸಂದಿಯಲ್ಲಿ ಕಾಗದದ ತುದಿ ಕಾಣುತ್ತಿತ್ತು.

"ಅದು ಅವಳದ್ದು," ಎಂದ. "ಅದನ್ನ ಎತ್ತಿಟ್ಟುಕೊಂಡಿದೀರಿ. ಕೊಡಿ ಅಕ್ಕ."

"ಇದು ಅವಳದ್ದಲ್ಲ."

"ಅಲ್ಲದಿದ್ರೆ ತೋರಿಸಿ. ತೋರಿಸಿದ್ರೆ ಹೋಗ್ತೀನಿ. ಮತ್ತೆ ಬರಲ್ಲ."

ತೋರಿಸಬಹುದಿತ್ತು. ಮುಷ್ಟಿ ಬಿಚ್ಚಿ ಹೆಸರು ತೋರಿಸಿದ್ದರೆ ಅವನು ಹೋಗುತ್ತಿದ್ದ. ಚೀಟಿ ಅವಳಿಗೇ ಉಳಿಯುತ್ತಿತ್ತು. ಅವಳು ಅವನ ಮುಖ ನೋಡಿದಳು. ಈ ಮನುಷ್ಯ ಇದನ್ನು ಓದುತ್ತಾನೆ, ಓದಿದ್ದನ್ನು ಇಸ್ತ್ರಿ ಅಂಗಡಿಗೆ ತೆಗೆದುಕೊಂಡು ಹೋಗುತ್ತಾನೆ. ಹೆಂಡತಿಗೂ ಹೇಳದೆ ಇಟ್ಟದ್ದನ್ನು.

ಕೈಯನ್ನು ಮಣಿಕಟ್ಟಿನವರೆಗೆ ನೀರಿಗೆ ಇಳಿಸಿದಳು. ಒಳಗೇ ಬೆರಳು ಬಿಚ್ಚಿದಳು. ಅವನು ಮುಂದಕ್ಕೆ ಬಗ್ಗಿದ. ಮೇಡಮ್ ನಡುವೆ ಬಂದು ನಿಂತರು. ಅವಳು ಮರದ ಕೋಲು ತೆಗೆದುಕೊಂಡು ತಿರುವತೊಡಗಿದಳು. ನೀರು ಕಡು ನೀಲಿಯಾಯಿತು. ಯಾರದು ಯಾವುದು ಅಂತ ದೇವರೂ ಹೇಳುವ ಹಾಗಿರಲಿಲ್ಲ.

ಟ್ಯಾಂಕರಿನವನು "ನೋಡ್ಕೊಳ್ತೀನಿ," ಎಂದು ಹೋದ.

ಮೇಡಮ್ ಗೋಡೆಗೆ ಒರಗಿದರು. "ಅದು ಟೈಲರಮ್ಮನದಾ?"

"ಅಲ್ಲ. ಅವಳದ್ದು ಮೊದಲೇ ಹೋಯ್ತು."

"ಮತ್ತೆ ಯಾರದ್ದು?"

ಅವಳು ತಿರುವುವುದನ್ನು ನಿಲ್ಲಿಸಲಿಲ್ಲ. "ಯಾರೋ ಓದಿದವರದ್ದು, ಮೇಡಮ್."

ಮೇಡಮ್ ಮತ್ತೆ ಕೇಳಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ಹೇಳಿದರು. "ನಾಳೆಯಿಂದ ಕೌಂಟರ್‌ನಲ್ಲಿ ಕೂರೋದು ಬೇಡ. ಮೇಲಿನವರಿಗೆ ನಾನು ಬರೆಯಲೇಬೇಕು. ಏನಂತಾರೋ ನೋಡೋಣ."

"ಆಗಲಿ ಮೇಡಮ್."

ಮೇಲಿನವರು ಒಂದು ಎಚ್ಚರಿಕೆ ಕಾಗದ ಕಳಿಸಿದರು. ಕೆಲಸ ಉಳಿಯಿತು. ಟೈಲರಮ್ಮನಿಗೆ ಹೇಗಾದರೂ ಹೇಳಿ ಕಳಿಸಬೇಕು, ತಪ್ಪು ನನ್ನದು ಅನ್ನಬೇಕು ಎಂದು ಅವಳು ಮೇಡಮ್‌ಗೆ ಅಂದಳು. "ಹೇಳಿದ್ರೆ ನಿಮ್ಮ ಎದೆ ಹಗುರಾಗುತ್ತೆ," ಎಂದರು ಮೇಡಮ್. "ಆದರೆ ಹೇಳೋಕೆ ಯಾರಾದ್ರೂ ಅಲ್ಲಿಗೆ ಹೋಗಬೇಕಲ್ಲ." ಅವಳು ಹೇಳಿ ಕಳಿಸಲಿಲ್ಲ. ಟೈಲರಮ್ಮ ಲೈಬ್ರರಿಗೆ ಮತ್ತೆ ಬರಲಿಲ್ಲ. ಆ ಕೈ ಕೂಡಿತೋ ಇಲ್ಲವೋ, ಕತ್ತರಿ ಹಿಡಿಯಲು ಬರುತ್ತದೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

ಅವಳು ಈಗ ಬೈಂಡಿಂಗ್ ಕೋಣೆಯಲ್ಲೇ ಇರುತ್ತಾಳೆ. ಮೈದಾ ಕುದಿಸಿ, ಹುಳ ಹಿಡಿಯದ ಹಾಗೆ ಮೈಲುತುತ್ತು ಹಾಕಿ, ಅಂಟು ಮಾಡಲು ಕಲಿತಿದ್ದಾಳೆ. ಆ ದಿನದ ಮುದ್ದೆಯನ್ನು ನಲವತ್ತು ರಟ್ಟಿನ ಮೂಲೆಗಳಿಗೆ ತುಂಬಿದ್ದಾಳೆ. ಅರ್ಧ ಹೊಲಿದ ಭೂಗೋಳವನ್ನೂ ಮುಗಿಸಿದಳು. ಹೊಲಿಗೆ ಎಲ್ಲಿ ಅವನದು ಮುಗಿದು ಎಲ್ಲಿ ಇವಳದು ಶುರುವಾಗುತ್ತದೆ ಎಂಬುದು ಯಾರಿಗಾದರೂ ಕಾಣುತ್ತದೆ.

ಓರಗಿತ್ತಿ ಹದಿನೈದು ದಿನ ಮುಖ ತಿರುಗಿಸಿಕೊಂಡಿದ್ದು, ಆಮೇಲೆ ತಾನೇ ಬಂದಳು. "ಯಾರು ಬಂದಿದ್ರು ಅಕ್ಕ ಇವತ್ತು?" ಎಂದಳು, ಏನಾದರೂ ಆಡಬೇಕಲ್ಲ ಅಂತ.

"ಜನ," ಎಂದಳು ಇವಳು.

ಟ್ಯಾಂಕರು ಇನ್ನೂ ಕೆಲವು ದಿನ ಲೈಬ್ರರಿಯ ಎದುರು ನಿಲ್ಲುತ್ತದೆ. ಸಂಜೆ ಅವಳು ಹೊರಟರೆ ಅವಳ ಹಿಂದೆಯೇ ಅದೂ ಹೊರಡುತ್ತದೆ. ಸಂತೆಗೆ ಹತ್ತಿರದ ದಾರಿ ಹತ್ತಿ ಗಿರಣಿಯ ಹಿಂದಿನಿಂದ. ಮೊದಲೆಲ್ಲ ಗಂಡ ಹೆಂಡತಿ ಅಲ್ಲಿಂದಲೇ ಹೋಗುತ್ತಿದ್ದರು. ನೀರಿಗೆ ಹಾಕಿದರೂ ಆ ವಿಳಾಸ ಅವಳ ತಲೆಯಿಂದ ಹೋಗಿಲ್ಲ. ಬೆರಳಿಟ್ಟು ಕೂಡಿಸಿ ಓದಿದ ಅಕ್ಷರ, ಬೇಗ ಹೋಗುವಂಥದ್ದಲ್ಲ. ಅವಳು ಗಿರಣಿಯ ಗೇಟು ಬಂದರೆ ಆ ಕಡೆ ಕತ್ತೂ ತಿರುಗಿಸುವುದಿಲ್ಲ. ನೆಟ್ಟಗೆ ದಾಟಿ, ಸೇತುವೆ ಸುತ್ತಿ, ಅರ್ಧ ಗಂಟೆ ಹೆಚ್ಚು ನಡೆದು ಸಂತೆಗೆ ಹೋಗುತ್ತಾಳೆ. ಮಂಡಿ ನೋಯುತ್ತದೆ. ನೋಯಲಿ.